ಭಾನುವಾರದ ಮೈನಸ್ ಇ

ಭಾನುವಾರ ಬೆಳಿಗ್ಗೆ ದೋಸೆ ಮಗುಚುತ್ತಿದ್ದೆ. ಮ್ಯಾನೇಜರ್ ಫೋನು. “ಮೈನಸ್ ಇ ಅಂದ್ರೆ ಏನ್ರೀ?”

ನನಗೆ ಹೈಸ್ಕೂಲಿನ ಗಣಿತದ ಅಂಕಪಟ್ಟಿ ನೆನಪಾಯಿತು. ವಿಷಯ ಅದಲ್ಲ. ನನ್ನ ಸ್ಕ್ರಿಪ್ಟು ಕಳಿಸಿದ ವರದಿ “-ಇ ನಮಸ್ಕಾರ” ಎಂದು ಶುರುವಾಗಿತ್ತು. ಅದೂ ಭಾನುವಾರ! ‘ಭಾನುವಾರವಾದರೆ ತೆಪ್ಪಗಿರು, ಇಲ್ಲವಾದರೆ ಕಳಿಸು’ ಎಂದು ಕೈಯಾರೆ ಬರೆದಿದ್ದೆ.

ನನ್ನ ಫೆಡೋರಾ ಲ್ಯಾಪ್‌ಟಾಪಿನಲ್ಲಿ ಆರು ತಿಂಗಳು ತಕರಾರಿಲ್ಲದೆ ಓಡಿದ ಸ್ಕ್ರಿಪ್ಟದು. ಶುಕ್ರವಾರವಷ್ಟೇ ಉಬುಂಟು ಸರ್ವರಿಗೆ ಸಾಗಿಸಿದ್ದೆ. ಮೊದಲ ಸಾಲಿನಲ್ಲಿ ‘ಇದನ್ನು ಎಸ್‌ಎಚ್ ಓದಲಿ’ ಎಂದಿತ್ತು. ಎಸ್‌ಎಚ್ ಎನ್ನುವುದು ಬಾಗಿಲಿನ ಬೋರ್ಡು. ಒಳಗೆ ಯಾರು ಬಾಡಿಗೆಗಿದ್ದಾರೋ ಬೋರ್ಡಿಗೇನು ಗೊತ್ತು? 1979ರಲ್ಲಿ, ಯುನಿಕ್ಸ್‌ನ ಏಳನೇ ಆವೃತ್ತಿಯ ಕಾಲಕ್ಕೆ, ಅಲ್ಲಿದ್ದದ್ದು ಸ್ಟೀಫನ್ ಬೋರ್ನ್ ಬರೆದ ಶೆಲ್. (‘ಇಫ್’ ಮುಗಿಸಲು ಅದನ್ನೇ ತಿರುಗಿಸಿ ‘ಫೈ’ ಎಂದಿಟ್ಟ ಪುಣ್ಯಾತ್ಮ. ‘ಡೂ’ ತಿರುಗಿಸಿದರೆ ಬರುವ ಓಡಿ ಎಂಬ ಕಮಾಂಡ್ ಆಗಲೇ ಇದ್ದುದರಿಂದ ‘ಡನ್’ ಬಂತು.) ಫೆಡೋರಾದಲ್ಲಿ ಆ ಬೋರ್ಡಿನ ಹಿಂದಿರುವುದು ಬ್ಯಾಶ್, ಏನು ಕೇಳಿದರೂ ಹೂಂ ಎನ್ನುವ ಧಾರಾಳಿ. ಉಬುಂಟುವಿನವರು 2006ರಲ್ಲಿ, 6.10ನೇ ಆವೃತ್ತಿಯಲ್ಲಿ, ಬೂಟ್ ಬೇಗ ಆಗಲೆಂದು ಅವನನ್ನು ಎಬ್ಬಿಸಿ ಡ್ಯಾಶ್‌ನನ್ನು ಕೂರಿಸಿದರು. ಸಣಕಲ, ಚುರುಕು, ಮಹಾ ಕಟ್ಟುನಿಟ್ಟು.

ಬ್ಯಾಶ್‌ನ ಎಕೋಗೆ ಮೈನಸ್ ಇ ಎಂದರೆ ‘ಬ್ಯಾಕ್‌ಸ್ಲ್ಯಾಶ್ ಎನ್ ಕಂಡಲ್ಲಿ ಹೊಸ ಸಾಲಿಗೆ ಹೋಗು’ ಎಂಬ ಸೂಚನೆ. ಡ್ಯಾಶ್‌ಗೆ ಅದು ಹೇಳದೆಯೇ ಗೊತ್ತು. ಹಾಗಾಗಿ ಮೈನಸ್ ಇ ಕೂಡ ನನ್ನ ಮಾತೇ ಇರಬೇಕೆಂದು ಭಕ್ತಿಯಿಂದ ಅಚ್ಚು ಹಾಕಿತ್ತು. ಭಾನುವಾರದ ಕಥೆ ಇನ್ನೂ ಚೆಂದ. ಹೋಲಿಸಿ ನೋಡಲು ನಾನು ಎರಡು ಸಮಚಿಹ್ನೆ ಬರೆದಿದ್ದೆ. ಡ್ಯಾಶ್‌ಗೆ ಗೊತ್ತಿರುವುದು ಒಂದೇ. ಅರ್ಥವಾಗದಿದ್ದರೆ ನಿಲ್ಲಬಾರದೇ? ಯಾರೂ ಓದದ ಲಾಗ್ ಫೈಲಿನಲ್ಲಿ ಒಂದು ಸಾಲು ಗೊಣಗಿ, ನೇರ ‘ಇಲ್ಲವಾದರೆ’ಗೆ ಇಳಿದಿತ್ತು.

ಒಂದು ಸಮಚಿಹ್ನೆ ಅಳಿಸಿದೆ. ಎಕೋ ತೆಗೆದು ಪ್ರಿಂಟ್‌ಎಫ್ ಹಾಕಿದೆ. ಆಮೇಲೆ ಐದು ಜನರ ವಿಳಾಸಕ್ಕೆ ಅರೇ ಬೇಕಾಯಿತು, ಡ್ಯಾಶ್‌ನಲ್ಲಿ ಅರೇಯೇ ಇಲ್ಲ. ಬೋರ್ಡಿನ ಸಹವಾಸ ಸಾಕೆಂದು ಮೊದಲ ಸಾಲಿನಲ್ಲಿ ಬ್ಯಾಶ್ ಹೆಸರನ್ನೇ ಬರೆದೆ.

ಮುಂದಿನ ತಿಂಗಳು ಸರ್ವರ್ ಮಲಗಿದ್ದ ಹೊತ್ತಿಗೆ ನಾನು ರಜೆಯಲ್ಲಿದ್ದೆ. ಸಹೋದ್ಯೋಗಿ ಮೇಲ್ ಕಳಿಸುವ ನಾಲ್ಕು ಸಾಲನ್ನಷ್ಟೇ ಎತ್ತಿ ತನ್ನ ಹೊಸ ಮ್ಯಾಕ್‌ನ ಟರ್ಮಿನಲ್‌ಗೆ ಅಂಟಿಸಿದ. 2019ರಿಂದ ಅಲ್ಲಿ ಕೂತಿರುವುದು ಝೆಡ್ ಶೆಲ್. ಬ್ಯಾಶ್ ಅರೇಯನ್ನು ಸೊನ್ನೆಯಿಂದ ಎಣಿಸಿದರೆ, ಇದು ನಮ್ಮ ಅಜ್ಜಿಯ ಹಾಗೆ ಒಂದರಿಂದ. ನಾನು ಬರೆದದ್ದು ಸೊನ್ನೆಯಿಂದ ನಾಲ್ಕರವರೆಗೆ. ಸೊನ್ನೆಯಲ್ಲಿ ಯಾರೂ ಇರಲಿಲ್ಲ; ಐದನೆಯವರನ್ನು ಯಾರೂ ಕೇಳಲಿಲ್ಲ.

ಐದನೆಯವರು ಮ್ಯಾನೇಜರ್. ಆ ವಾರವಿಡೀ ಒಂದು ಫೋನೂ ಬರಲಿಲ್ಲ. ಆ ನಾಲ್ಕು ಸಾಲು ಇನ್ನೂ ಹಾಗೇ ಇದೆ. ತಿದ್ದಲು ನನಗೇನೂ ಅವಸರವಿಲ್ಲ.