ಸೀರೆ ಗಾರ್ಡ್ ಎಲ್ಲಿ ಸ್ವಾಮಿ?

ನಮ್ಮ ದೇಶದಲ್ಲಿ ಹದಿನೈದರ ಹುಡುಗನಿಗೆ ಬೈಕ್ ಓಡಿಸುವ ವಯಸ್ಸು ಬಂದಿರುವುದಿಲ್ಲ. ಹದಿನೈದರ ಬೈಕಿಗೋ, ಓಡುವ ವಯಸ್ಸೇ ಮುಗಿದಿರುತ್ತದೆ. ಆರ್‌ಸಿಯ ಆಯುಸ್ಸು ಅಷ್ಟೇ. ಆಮೇಲೂ ಓಡಬೇಕೆಂದರೆ ಗಾಡಿಯನ್ನು ಬ್ರೇಕ್ ಇನ್‌ಸ್ಪೆಕ್ಟರ ಎದುರು ನಿಲ್ಲಿಸಿ, ಎಫ್‌ಸಿ ಮಾಡಿಸಿ, ಐದೈದು ವರ್ಷದ ಕಂತಿನಲ್ಲಿ ಜೀವದಾನ ಪಡೆಯಬೇಕು. 2022ರ ಏಪ್ರಿಲ್‌ಗೆ ಮುಂಚೆ ಇದಕ್ಕೆ 300 ರೂಪಾಯಿ ಶುಲ್ಕವಿತ್ತು, ಆಮೇಲೆ ಸಾವಿರವಾಯಿತು. ಕರ್ನಾಟಕದಲ್ಲಾದರೆ ಜೊತೆಗೆ ಹಸಿರು ತೆರಿಗೆ. ಹುಟ್ಟಿದಾಗಿನಿಂದ ಕಾಫಿ ತೋಟದ ಹಸಿರಲ್ಲೇ ಹೊರಳಾಡಿದ ಗಾಡಿಗೂ ವಿನಾಯಿತಿ ಇಲ್ಲ.

ಆಫೀಸಿಗೆ ಹೋಗಿ ಬಂದು ಮುದಿಯಾದ ಸಭ್ಯ ಬೈಕುಗಳು ಇದನ್ನು ಸಲೀಸಾಗಿ ದಾಟುತ್ತವೆ. ಪಜೀತಿಯೆಲ್ಲ ಹೀರೋ ಇಂಪಲ್ಸ್‌ನಂಥವಕ್ಕೆ. ಹೋಂಡಾದಿಂದ ಬೇರೆಯಾದ ಹೊಸತರಲ್ಲಿ, 2011ರಲ್ಲಿ, ಹೀರೋ ಕಂಪನಿ ಹುರುಪಿನಿಂದ ರಸ್ತೆಗಿಳಿಸಿದ, ಅಲ್ಲಲ್ಲ, ರಸ್ತೆಯಿಂದ ಕೆಳಗಿಳಿಸಿದ ಗಾಡಿ ಅದು. ಬಕಪಕ್ಷಿಯ ಎತ್ತರ, ನೂರೈವತ್ತು ಸಿಸಿಯ ಸಾಧು ಎಂಜಿನ್, ಮೇಲಕ್ಕೆ ತಿರುಗಿದ ಸೈಲೆನ್ಸರ್. ಪೇಟೆಯವರು ಮೂಗು ಮುರಿದರು, ಕೆಲವು ವರ್ಷಗಳಲ್ಲಿ ಕಂಪನಿಯೂ ಕೈಬಿಟ್ಟಿತು. ಮಲೆನಾಡಿನ ಕೆಲವರು ಮಾತ್ರ ಬಿಡಲಿಲ್ಲ. ಮೂಡಿಗೆರೆ ಕಡೆಯ ನನ್ನ ಭಾವಮೈದುನ ಆ ಪೈಕಿ.

ಅವನದೊಂದು ಸಿದ್ಧಾಂತವಿದೆ: ಬಿದ್ದಾಗ ಮುರಿಯುವಂಥದ್ದನ್ನೆಲ್ಲ ಮೊದಲೇ ಬಿಚ್ಚಿಟ್ಟರೆ ಏನೂ ಮುರಿಯುವುದಿಲ್ಲ. ಹಾಗಾಗಿ ಮೊದಲ ಮಳೆಗಾಲಕ್ಕೇ ಕನ್ನಡಿಗಳು ಹೋದವು, ಹಿಂದೆಯೇ ಇಂಡಿಕೇಟರ್, ಸೀರೆ ಗಾರ್ಡ್. ಹಾರ್ನ್ ಸತ್ತದ್ದು ಗೊತ್ತಾಗಲೇ ಇಲ್ಲ. ಆ ದಾರಿಯಲ್ಲಿ ಎದುರಿಗೆ ಸಿಗುವುದು ಆನೆ. ಅದಕ್ಕೆ ಹಾರ್ನ್ ಹೊಡೆಯುವ ಧೈರ್ಯ ಯಾರಿಗಿದೆ?

ಎಫ್‌ಸಿ ದಿನ ಹತ್ತಿರ ಬಂದಾಗ ಅಟ್ಟ ಹತ್ತಿ ಹುಡುಕಾಟ ಶುರುವಾಯಿತು. ಒಂದು ಕನ್ನಡಿ ಕೂಲಿಲೈನಿನಲ್ಲಿ ಯಾರದೋ ಗಡ್ಡ ಹೆರೆಯುವ ಸೇವೆಯಲ್ಲಿತ್ತು. ಸೀರೆ ಗಾರ್ಡಂತೂ ಹೊಸದೇ ಆಗಬೇಕು. ಹಿಂದೆ ಕೂತವರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧಕ್ಕಾದರೂ ಮರೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯದು ಹೇಳುತ್ತದೆ. ಸೀರೆ ಉಟ್ಟು ಅದನ್ನು ಹತ್ತಲು ಸ್ಟೂಲು ಬೇಕು ಎಂಬುದು ನಿಯಮಕ್ಕೆ ಗೊತ್ತಿಲ್ಲ. ಚಾಸಿಸ್ ನಂಬರಿನ ಮೇಲೆ ವರ್ಷಗಳ ಕೆಸರು. ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕಲ್ಲ, ಸೀಮೆಎಣ್ಣೆ ಹಾಕಿ ತಿಕ್ಕಿದ. ತಂತಿ ಬ್ರಷ್ಷಿನಲ್ಲಿ ಜೋರಾಗಿ ತಿಕ್ಕಿದರೆ ತುಕ್ಕಿನ ಜೊತೆ ಅಂಕಿಯೂ ಮಾಯವಾಗಿ ಗಾಡಿ ಅನಾಥವಾಗುತ್ತದೆ.

ಎಮಿಷನ್ ಟೆಸ್ಟಿನದು ಬೇರೆಯೇ ನಾಟಕ. ಈ ತಲೆಮಾರಿನ ಬೈಕುಗಳಿಗೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ. 3.5. ಏರ್ ಫಿಲ್ಟರ್ ತುಂಬ ತೋಟದ ಧೂಳಿದ್ದರೆ ಗಾಳಿ ಕಮ್ಮಿ, ಪೆಟ್ರೋಲ್ ಜಾಸ್ತಿ, ಹೊಗೆ ಧಾರಾಳ. ಮೆಕ್ಯಾನಿಕ್ ಕಾರ್ಬ್ಯುರೇಟರಿನ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದ. ಚೀಟಿ ಕೈಗೆ ಬರುವಷ್ಟು ಹೊತ್ತು ಗಾಡಿ ಸಂತನಾಯಿತು, ಬಂದೊಡನೆ ಸ್ಕ್ರೂ ವಾಪಸ್. ಹೆಣ್ಣು ನೋಡಲು ಹೊರಟ ಊರ ಪೋಕರಿಗೆ ಪಂಚೆ ಶಲ್ಯ ಹೊದಿಸಿದಂತೆ ಬೈಕು ಕಚೇರಿ ಅಂಗಳ ತಲುಪಿತು.

ಅಲ್ಲಿ ನೋಡಿದ್ದೇನು? ಹಾರ್ನ್ ಕೀಂ ಎಂದಿತು. ದೀಪ ಹತ್ತಿತು. ಇಂಡಿಕೇಟರ್ ಎಡ, ಬಲ. ಸಾಹೇಬರು ಹತ್ತಲು ನೋಡಿದರು, ಕಾಲು ನೆಲಕ್ಕೆ ಎಟಕುವ ಲಕ್ಷಣ ಕಾಣಲಿಲ್ಲ. "ನೀವೇ ಒಂದು ಸುತ್ತು ಹೊಡೀರಿ" ಎಂದರು. ಅಂದರೆ ಆ ಬೈಕು ಜನ್ಮದಲ್ಲಿ ಬಳಸದೆ ಇದ್ದದ್ದೆಲ್ಲ ಪರೀಕ್ಷೆಗೆ ಬಂತು, ನಿಜವಾಗಿ ಸವೆದದ್ದನ್ನು ಯಾರೂ ಕೇಳಲಿಲ್ಲ. ಫೋರ್ಕಿನ ಮೇಲೆ ಒಣಗಿದ ಕೆಸರು ಸೀಲನ್ನು ಕೊರೆದು ಎಣ್ಣೆ ಜಿನುಗುತ್ತಿದೆ. ಹ್ಯಾಂಡಲ್ ನಡುವಿಗೆ ಬಂದರೆ ಬೇರಿಂಗ್ 'ಕಟಕ್' ಎನ್ನುತ್ತದೆ.

ಬ್ರಿಟನ್ನಿನಲ್ಲಿ ಇಷ್ಟು ಸುಲಭವಿಲ್ಲ. ಮೂರು ವರ್ಷ ದಾಟಿದ ಬೈಕಿಗೆ ಪ್ರತಿವರ್ಷ ಎಂಒಟಿ ಪರೀಕ್ಷೆ. ಮುಂಚಕ್ರ ನೆಲ ಬಿಡಿಸಿ ಹ್ಯಾಂಡಲ್ ತಿರುಗಿಸಿ ಆ 'ಕಟಕ್' ಅನ್ನೇ ಹುಡುಕುತ್ತಾರೆ. ಫೇಲಾದದ್ದು ಯಾಕೆಂದು ಗಾಡಿ ನಂಬರ್ ಹಾಕಿ ಯಾರು ಬೇಕಾದರೂ ನೋಡಬಹುದು. ಅದು ನಮ್ಮಲ್ಲಿಗೆ ಬಂದರೆ 'ಸಿಂಗಲ್ ಓನರ್, ಶೋರೂಂ ಕಂಡೀಷನ್' ಎಂದು ಜಾಹೀರಾತು ಬರೆಯುವವರ ಹೊಟ್ಟೆಪಾಡೇನು? ಆದರೆ ಅಲ್ಲೊಂದು ಔದಾರ್ಯವೂ ಉಂಟು. ದೀಪವೇ ಇಲ್ಲದ ಕಾಡುಬೈಕನ್ನು ಹಗಲಲ್ಲಿ ಮಾತ್ರ ಓಡಿಸುವ ಕರಾರಿನ ಮೇಲೆ ಪಾಸು ಮಾಡುತ್ತಾರೆ. ದೊಡ್ಡ ಮಾರ್ಪಾಡು ಆಗಿಲ್ಲದಿದ್ದರೆ ನಲವತ್ತು ತುಂಬಿದ ಗಾಡಿಗೆ ಪರೀಕ್ಷೆಯೇ ಕಡ್ಡಾಯವಲ್ಲ. "ಇನ್ನು ಇಪ್ಪತ್ತೈದೇ ವರ್ಷ ತಾನೆ?" ಎಂದ ಭಾವಮೈದುನ.

ಪಾಸಾಯಿತು, ಐದು ವರ್ಷ ಸಿಕ್ಕಿತು. ಮನೆಗೆ ಬಂದವನೇ ಸ್ಪ್ಯಾನರ್ ಹಿಡಿದು ಕೂತ. ಸೀರೆ ಗಾರ್ಡಿಗೆ ಕೈಹಾಕುವಾಗ ಹೆಂಡತಿ ತಡೆದಳು: "ಅದೊಂದಿರಲಿ. ದುಡ್ಡು ಕೊಟ್ಟು ಹಾಕಿಸಿದ್ದಲ್ವಾ, ಹೊರನಾಡಿಗೆ ಇದರಲ್ಲೇ ಹೋಗೋಣ." ಸದ್ಯ ಅವನು ಸ್ಟೂಲನ್ನು ಬೈಕಿಗೆ ಎಲ್ಲಿ ಕಟ್ಟುವುದೆಂದು ನೋಡುತ್ತಿದ್ದಾನೆ.