ಬಾಣಂತಿಯ ಕೊಬ್ಬು

ಬಾಣಂತಿಯ ಕಾಯಿಲೆ ಪತ್ತೆಹಚ್ಚಲು ನಮ್ಮಲ್ಲಿ ರಕ್ತ ಪರೀಕ್ಷೆ ಬೇಕಿಲ್ಲ. ಅವಳು ಈಗ ಯಾರ ಮನೆಯಲ್ಲಿದ್ದಾಳೆ ಎಂದು ಕೇಳಿದರೆ ಸಾಕು.

ಮೂರನೇ ತಿಂಗಳು, ತವರುಮನೆ. ಎದೆ ಡವಡವ, ಕೈ ನಡುಕ, ಮಾತೆತ್ತಿದರೆ ಸಿಡುಕು, ಮೈ ಇಳಿದು ರವಿಕೆಯೆಲ್ಲ ಸಡಿಲ. ಮಗು ನೋಡಲು ಬಂದ ಬೀಗರು ಕಾಫಿ ಲೋಟ ಕೆಳಗಿಡುವ ಮೊದಲೇ ತೀರ್ಪು ಕೊಡುತ್ತಾರೆ: ‘ಬಾಣಂತನ ಸರಿಯಾಗಿ ಮಾಡಿಲ್ಲ.’ ಪಾಪ, ಆ ತಾಯಿ ಮಗಳ ತಲೆಗೆ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ತುರುಕಿ, ಸಾಂಬ್ರಾಣಿ ಹೊಗೆ ಹಾಕಿ, ಅಂಟಿನುಂಡೆ ತಿನ್ನಿಸಿ ಆಗಿದೆ. ಇನ್ನು ಉಳಿದದ್ದು ದೃಷ್ಟಿ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟೇ ಬರಲಿಲ್ಲ. ರೋಗ ಖಾತ್ರಿಯಾಯಿತು.

ಆರನೇ ತಿಂಗಳು, ಗಂಡನ ಮನೆ. ಈಗ ಎಲ್ಲ ತಿರುವುಮುರುವು. ಮುಖ ಊದಿದೆ, ಬಚ್ಚಲ ಜಾಲರಿಯಲ್ಲಿ ಕೂದಲಿನ ಉಂಡೆ, ಏಪ್ರಿಲ್ ಸೆಕೆಯಲ್ಲೂ ಫ್ಯಾನ್ ಬೇಡವಂತೆ, ಬೆಳಿಗ್ಗೆ ಏಳಲಾಗುವುದಿಲ್ಲವಂತೆ. ತೀರ್ಪೂ ಮಗುಚಿತು: ‘ತವರಲ್ಲಿ ತಿಂದು ಕೊಬ್ಬಿದ್ದಾಳೆ.’

ಎರಡು ತೀರ್ಪಿಗೂ ಕಾರಣ ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ, ತೂಕ ಇಪ್ಪತ್ತು ಗ್ರಾಂ ಆಸುಪಾಸು. ಬಸುರಿನಲ್ಲಿ ತಗ್ಗಿ ನಡೆದಿದ್ದ ರೋಗನಿರೋಧಕ ಶಕ್ತಿ ಹೆರಿಗೆಯಾದ ಮೇಲೆ ತಲೆಯೆತ್ತಿ, ಕೆಲವರಲ್ಲಿ ಈ ಗ್ರಂಥಿಯ ಮೇಲೆಯೇ ಬೀಳುತ್ತದೆ. ಮೊದಲು ಒಳಗಿದ್ದ ಹಾರ್ಮೋನು ರಕ್ತಕ್ಕೆ ಸೋರಿ ದಡಬಡ, ದಾಸ್ತಾನು ಮುಗಿದ ಮೇಲೆ ಸುಸ್ತು. ನೂರು ಬಾಣಂತಿಯರಲ್ಲಿ 5ರಿಂದ 10 ಮಂದಿಗೆ, ವರ್ಷದೊಳಗೆ. ಬಹುತೇಕರಿಗೆ ಒಂದು–ಒಂದೂವರೆ ವರ್ಷದಲ್ಲಿ ಸರಿಹೋಗುತ್ತದೆ, ಕೆಲವರಿಗೆ ಮಾತ್ರೆ ಖಾಯಂ. ಗ್ರಂಥಿಗೆ ಬೀಗರ ರಾಜಕೀಯ ತಿಳಿಯದು. ಆದರೂ ಅದು ಬಣ್ಣ ಬದಲಿಸುವುದು ಸರಿಯಾಗಿ ಅವಳು ಮನೆ ಬದಲಿಸುವ ಹೊತ್ತಿಗೆ!

ಆಸ್ಪತ್ರೆಯವರೇನು ಕಡಿಮೆಯೆ? ಬಸುರಿಯಾಗಿದ್ದಾಗ ಹೋದಾಗಲೆಲ್ಲ ತೂಕ, ಬಿಪಿ, ರಕ್ತ. ಹೆರಿಗೆಯಾದ ಮೇಲೆ ತಾಯಿ ಕಾರ್ಡ್ ಹಿಡಿದು ಹೋಗುವುದೆಲ್ಲ ಮಗುವಿನ ಚುಚ್ಚುಮದ್ದಿಗೆ. 9ನೇ ತಿಂಗಳು ದಡಾರದ ಸೂಜಿಗೆ ಹೋದರೆ ಮಗುವನ್ನು ತಕ್ಕಡಿಯಲ್ಲಿ ಮಲಗಿಸಿ ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಎತ್ತಿಕೊಂಡು ಬಂದವಳೇ ಬಾಯಿಬಿಟ್ಟು ಸುಸ್ತು ಎಂದರೆ, ‘ಮಗು ಆದಮೇಲೆ ಇದೆಲ್ಲ ಇದ್ದದ್ದೇ ಕಣಮ್ಮ.’

ಅಂತೂ ಒಬ್ಬ ಡಾಕ್ಟರು ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತ ಪರೀಕ್ಷೆ ಬರೆದರು, ಮಾತ್ರೆ ಬಂತು. ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ಕಾಫಿ ಕುಡಿಯುವಂತಿಲ್ಲ. (ಬೆಳಿಗ್ಗೆ ಹೊತ್ತು ಅವಳಿಗೆ ಕಾಫಿ ಸಿಗುತ್ತಿದ್ದದ್ದೇ ಹತ್ತು ಗಂಟೆಗೆ, ಆ ತೊಂದರೆಯಿಲ್ಲ.) ಹಾಲೂಡಿಸುವವರೂ ಧಾರಾಳವಾಗಿ ತೆಗೆದುಕೊಳ್ಳಬಹುದು ಎಂದು ಡಾಕ್ಟರು ಎರಡು ಸಲ ಹೇಳಿದರು. ಅತ್ತೆ ಅಷ್ಟನ್ನೂ ಗಮನವಿಟ್ಟು ಕೇಳಿ, ಮನೆಗೆ ಬಂದವರೇ ಬೀಗಿತ್ತಿಗೆ ಫೋನ್ ಮಾಡಿದರು: ‘ಹುಡುಗಿಗೆ ಥೈರಾಯ್ಡ್ ಇದೆ ಅಂತ ಮದುವೆ ಮಾತುಕತೇಲೇ ಯಾಕ್ರೀ ಹೇಳ್ಲಿಲ್ಲ?’