ಟಾಕಿಶ್ವಾಸ ಮೀಮಾಂಸೆ

ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲವೆಂಬುದು ನಿಜ. ಆದರೂ ಪಕ್ಕದ ಶಹಾಪುರದ ಗ್ಯಾರೇಜುಗಳಲ್ಲಿ ಹುಟ್ಟಿ ಬೆಳೆದ ದರ್ಶನಗಳನ್ನು ವಿದ್ವಲ್ಲೋಕ ಇಷ್ಟು ಕಾಲ ಕಡೆಗಣಿಸಿದ್ದು ಕ್ಷಮಾರ್ಹವಲ್ಲ. ಪ್ರಸ್ತುತ ಪ್ರಬಂಧದ ವಸ್ತು: 1089 ಸಿಸಿಯ, ಕಾರ್ಬೊರೇಟರ್ ಕಾಲದ ಒಂದು ಪ್ರೀಮಿಯರ್ ಪದ್ಮಿನಿ. ಪೆಟ್ರೋಲ್ ಟಾಕಿ ತುಕ್ಕು ಹಿಡಿದದ್ದರಿಂದ ಮಾಲೀಕ ಹೊಸದೊಂದನ್ನು ಬೆಸುಗೆ ಹಾಕಿಸಿ ಡಿಕ್ಕಿಯಲ್ಲಿ ಕೂರಿಸಿದ್ದಾನೆ. ಪ್ರಶ್ನೆ: ಅದು ಉಸಿರಾಡುವುದು ಎಲ್ಲಿಂದ?

ಪೂರ್ವಪಕ್ಷ ಮುಚ್ಚಳವಾದಿಗಳದು. ವಾಸನೆ ಬೇಡವೆಂದರೆ ಬಾಯಿ ಬಿಗಿ ಎಂಬುದು ಅವರ ಮತ. ಆದರೆ ಪಂಪು ಪೆಟ್ರೋಲು ಹೀರಿದಷ್ಟೂ ಒಳಗೆ ಗಾಳಿ ಬರಬೇಕಲ್ಲ? ಬರದಿದ್ದರೆ ಗಡಹಿಂಗ್ಲಜದ ದಾರಿಯಲ್ಲಿ ಕಾರು ಕೆಮ್ಮಿ ನಿಲ್ಲುತ್ತದೆ. ಮುಚ್ಚಳ ತಿರುವಿದರೆ ‘ಸುಸ್ಸ್’ ಎಂದು ಗಾಳಿ ಎಳೆದುಕೊಂಡು ಮತ್ತೆ ಚಾಲೂ. ಭಕ್ತರು ಇದನ್ನು ಪವಾಡವೆನ್ನುತ್ತಾರೆ. ಮಿಸ್ತ್ರಿಯ ಭಾಷ್ಯ ಚಿಕ್ಕದು: “ಟಾಕಿಗೆ ಉಸರು ಕಟ್ಟೈತ್ರೀ ಸಾಹೇಬ್ರ.”

ಇದಕ್ಕೆ ಪ್ರತಿಯಾಗಿ ಹುಟ್ಟಿದವರು ಕಿಂಡಿವಾದಿಗಳು. ಮೊಳೆ, ಸುತ್ತಿಗೆ, ಮುಚ್ಚಳಕ್ಕೊಂದು ತೂತು, ಶಾಸ್ತ್ರ ಮುಗಿಯಿತು. ಪೆಟ್ರೋಲಿನ ಆವಿ ಗಾಳಿಗಿಂತ 3–4 ಪಟ್ಟು ಭಾರ ಎಂಬುದನ್ನು ಇವರು ಗಣಿಸಲಿಲ್ಲ. ಏಪ್ರಿಲ್ ಬಿಸಿಲಲ್ಲಿ ಹೊರಬಿದ್ದ ಆವಿ ಊರ್ಧ್ವಲೋಕಕ್ಕೆ ಏರದೆ ಡಿಕ್ಕಿಯ ತಳದಲ್ಲೇ ಬಿಡಾರ ಹೂಡಿ, ಕಿಡಿಯೊಂದರ ದಾರಿ ಕಾಯುತ್ತದೆ.

ಸಿದ್ಧಾಂತಪಕ್ಷವು 1970ರ ಮಾದರಿಯ ಕಾರುಗಳಿಗೆಂದು ಕ್ಯಾಲಿಫೋರ್ನಿಯಾ ಹೇರಿದ ಕಟ್ಟಳೆಯ ಕಾಲದ್ದು. ಟಾಕಿಯ ನೆತ್ತಿಯಿಂದ ಪೈಪು ಹೊರಡಬೇಕು, ಕಾರು ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವು ನಡುವೆ ಇರಬೇಕು, ಪೈಪು ಸಕ್ರಿಯ ಇದ್ದಿಲಿನ ಡಬ್ಬಿಯನ್ನು, ಅಂದರೆ ಕ್ಯಾನಿಸ್ಟರನ್ನು ಸೇರಬೇಕು. (ಇಸ್ತ್ರಿ ಅಂಗಡಿಯ ಇದ್ದಿಲು ತುಂಬಿದವರ ಕೃತಿಗಳನ್ನು ನಾವು ಪರಿಗಣಿಸಿಲ್ಲ.) ನಿಂತ ಕಾರಿನ ಆವಿಯನ್ನು ಇದ್ದಿಲು ಹಿಡಿದಿಡುತ್ತದೆ, ಓಡುವಾಗ ಎಂಜಿನ್ನು ಅದನ್ನು ಎಳೆದು ಉರಿಸುತ್ತದೆ. ಬಿಸಿ ಎಂಜಿನ್ನು ಆರಿಸಿದಾಗ ಕಾರ್ಬೊರೇಟರ್ ಬೌಲಿನಲ್ಲಿ ಕುದಿಯುವ ಪೆಟ್ರೋಲಿನ ಆವಿಗೂ ಗತಿ ಇದೇ ಡಬ್ಬಿ. ಪೈಪು ಎಲ್ಲೂ ಜೋಲಬಾರದು: ಜೋತ ಕಡೆ ಪೆಟ್ರೋಲು ನಿಂತು ಬಿರಡೆಯಾಗುತ್ತದೆ, ಮಾಲೀಕ ತನಗರಿವಿಲ್ಲದೆ ಮುಚ್ಚಳವಾದಿಯಾಗುತ್ತಾನೆ.

ಡಬ್ಬಿಯಿಂದ ಆವಿ ಎಳೆಯುವ ಪೈಪನ್ನು ಎಲ್ಲಿ ಕೂಡಿಸಬೇಕೆಂಬಲ್ಲಿ ಘೋರ ವಾದವಿದೆ. ನೇರ ಮ್ಯಾನಿಫೋಲ್ಡಿಗೆ ಕೊಟ್ಟರೆ ಐಡ್ಲಿಂಗಿನಲ್ಲೇ ಆವಿ ನುಗ್ಗಿ ಎಂಜಿನ್ನು ತಡವರಿಸುತ್ತದೆ. ಥ್ರಾಟಲ್ ತಗಡಿನ ತುಸು ಮೇಲಿನ ಕಿಂಡಿಗೆ ಕೊಟ್ಟರೆ ಆಕ್ಸಿಲರೇಟರ್ ತುಳಿದಾಗ ಮಾತ್ರ ಎಳೆತ. ಎರಡನೆಯದೇ ನಮ್ಮ ಮತ.

ಪೈಪಿನ ಜಾತಿಯೂ ಮುಖ್ಯ. 2023ರಿಂದ ಬಂಕಿಗೆ ಬರತೊಡಗಿದ ಶೇ. 20 ಎಥನಾಲಿನ ಪೆಟ್ರೋಲು ಹಳೆಯ ರಬ್ಬರನ್ನು ಉಬ್ಬಿಸಿ ಸೀಳುತ್ತದೆ. ಕೊಲ್ಹಾಪುರದ ಕಬ್ಬು ಹಿಂದೆ ಬೆಲ್ಲವಾಗಿ ಬಾಯಿಗೆ ಬರುತ್ತಿತ್ತು; ಈಗ ಎಥನಾಲಾಗಿ ಕಾರಿನ ಪೈಪನ್ನೂ ತಿನ್ನುತ್ತಿದೆ.

ಆವಿ ಸೋರುತ್ತಿದೆಯೇ ಎಂದು ಬೀಡಿ ಹಚ್ಚಿಕೊಂಡು ಬಗ್ಗಿ ನೋಡುವ ಮೂರನೆಯ ಸಂಪ್ರದಾಯವೊಂದಿದೆ. ಅದರ ಶಿಷ್ಯಪರಂಪರೆ ಬಹಳ ದೂರ ಬೆಳೆದಿಲ್ಲ.